ವೃತ್ತದಲ್ಲಿ ಬಸ್ಸು ಮತ್ತು ಸೈಕಲ್ಲು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಶರಣರ ವಿಚಾರವನ್ನೋ ಶಿಕ್ಷಣದ ಧ್ಯೇಯವನ್ನೋ ಕುರಿತು ಬರೆಯದೆ, ರಸ್ತೆಯ ಸಿಗ್ನಲ್ ದೀಪವನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಶ್ರೀಮಠವು ವಿದ್ಯಾಮಂದಿರದ ಬಾಗಿಲನ್ನು ಎಷ್ಟು ವಿಶಾಲವಾಗಿ ತೆರೆದಿಟ್ಟರೂ, ಆ ಬಾಗಿಲಿಗೆ ಬರುವ ದಾರಿ ಮಕ್ಕಳ ಪಾಲಿಗೆ ಭಯದ ದಾರಿಯಾದರೆ ಜ್ಞಾನದಾಸೋಹದ ಎಲೆ ಹಾಕಿಟ್ಟೂ ಪಂಕ್ತಿ ಬರಿದಾಗಿ ಉಳಿಯುತ್ತದೆ. ಆದುದರಿಂದ ಈ ವಿಷಯವನ್ನು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಇಡುವುದು ಅಪ್ರಸ್ತುತವಲ್ಲವೆಂದು ಭಾವಿಸುತ್ತೇನೆ.

ಕೊಪ್ಪ ಹೋಬಳಿಯ ಹಳ್ಳಿಗಳಿಂದ ಓದಲು ಹೊರಡುವ ಮಕ್ಕಳ ಪಯಣ ಸಾಮಾನ್ಯವಾಗಿ ಎರಡು ಭಾಗದ್ದು. ಹಳ್ಳಿಯಿಂದ ಬಸ್ಸು ನಿಲ್ಲುವ ಸ್ಥಳದವರೆಗೆ ಸೈಕಲ್ಲು. ಅಲ್ಲಿಂದ ಮದ್ದೂರಿಗೋ ಮಂಡ್ಯಕ್ಕೋ ಬಸ್ಸು. ಕಬ್ಬು ಅರೆಯುವ ಕಾಲದಲ್ಲಿ ಕೊಪ್ಪದ ಸಕ್ಕರೆ ಕಾರ್ಖಾನೆಗೆ ಸಾಗುವ ಟ್ರಾಕ್ಟರುಗಳು ಅರ್ಧ ರಸ್ತೆಯನ್ನು ಆಕ್ರಮಿಸಿಕೊಂಡಿರುವಾಗ ಉಳಿದರ್ಧದಲ್ಲಿ ಬಸ್ಸೂ ಸೈಕಲ್ಲೂ ದಾರಿ ಮಾಡಿಕೊಳ್ಳಬೇಕು. 2006–07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಕೊರೋನಾ ವರ್ಷಗಳಲ್ಲಿ ಅದು ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಒಂದೇ ಮನೆಯ ಮಗ ಸೈಕಲ್ಲಿನ ಮೇಲೆ, ಮಗಳು ಬಸ್ಸಿನೊಳಗೆ. ಹೀಗಿರುವಾಗ ಬಸ್ಸಿನ ಹಿತ, ಸೈಕಲ್ಲಿನ ಹಿತ ಎಂದು ಎರಡು ಪಕ್ಷ ಕಟ್ಟಿ ವಾದಿಸುವುದೇ ಅಸಂಗತ. ಆದರೂ ವೃತ್ತಕ್ಕೆ ಬಂದೊಡನೆ ಇವೆರಡೂ ಒಂದನ್ನೊಂದು ಒತ್ತರಿಸುತ್ತವೆ. ಆ ಸ್ಥಿತಿಯನ್ನು ತಂದವರು ಇಬ್ಬರೂ ಅಲ್ಲ.

ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನೆರವೇರಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನ, ಟ್ರಾಕ್ಟರು ಹಾಗೂ ಯಂತ್ರವಿಲ್ಲದ ವಾಹನಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷಿದ್ಧವಾಯಿತು. ಅತಿವೇಗದ ರಸ್ತೆಯಲ್ಲಿ ಸೈಕಲ್ಲಿಗೆ ಎಡೆಯಿಲ್ಲವೆಂಬುದು ನ್ಯಾಯವೇ ಸರಿ. ಆ ನಿಷೇಧವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಊರೂರಿಗೂ ನಿಲ್ಲಬೇಕಾದ ಸಾಮಾನ್ಯ ಬಸ್ಸು ಮೇಲಿನ ಪಥದಿಂದ ಜನರನ್ನು ಹತ್ತಿಸಿಕೊಳ್ಳಲಾರದು. ಅದೂ ಪಕ್ಕದ ಸರ್ವಿಸ್ ರಸ್ತೆಗೆ ಇಳಿಯಬೇಕು, ಹಳೆಯ ಹೆದ್ದಾರಿಯಲ್ಲಿ ಊರೊಳಗೆ ಬರಬೇಕು. ಕಾರುಗಳು ಮೇಲೆ ಹಾರಿಹೋದವು. ಬಸ್ಸು, ಸೈಕಲ್ಲು, ಟ್ರಾಕ್ಟರುಗಳೆಲ್ಲ ಕೆಳಗಿನ ಒಂದೇ ರಸ್ತೆಗೆ ಬಂದು ಸೇರಿದವು. ಮದ್ದೂರಿನ ಟಿ.ಬಿ. ವೃತ್ತ, ಮಂಡ್ಯದ ಸಂಜಯ ವೃತ್ತಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತು ನೋಡಿದವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ.

ಸಿಗ್ನಲ್ಲಿನಲ್ಲಿ ನಡೆಯುವುದೇನು? ಹಸಿರು ಬೀಳುತ್ತದೆ. ಸೈಕಲ್ಲು ಎಡ ಅಂಚಿನಲ್ಲಿದೆ. ಬಸ್ಸಿನ ನಿಲ್ದಾಣವೂ ಎಡ ಅಂಚಿನಲ್ಲಿಯೇ ಇದೆ. ನಿಲ್ದಾಣವು ವೃತ್ತಕ್ಕೆ ಮುಂಚೆಯೇ ಇದ್ದರೆ ಬಸ್ಸು ಹಸಿರಿನ ಕಾಲವನ್ನೆಲ್ಲ ಜನರನ್ನು ಹತ್ತಿಸಿಕೊಳ್ಳುವುದರಲ್ಲಿ ಕಳೆದು, ನಿರ್ವಾಹಕನು ಸೀಟಿ ಊದುವಷ್ಟರಲ್ಲಿ ಕೆಂಪು ಬಿದ್ದಿರುತ್ತದೆ. ಹಿಂದಿನ ಸೈಕಲ್ಲಿನವನು ಕಾಯಲಾರದೆ ಬಲಕ್ಕೆ ಹೊರಳಿ ಕಾರು, ಮೋಟಾರುಗಳ ನಡುವೆ ನುಗ್ಗುತ್ತಾನೆ. ಅಪಾಯದ ಗಳಿಗೆ ಇದೇ. ನಿಲ್ದಾಣವನ್ನು ವೃತ್ತ ದಾಟಿದ ಮೇಲೆ ಒಂದಿಷ್ಟು ದೂರಕ್ಕೆ ಸರಿಸಿದರೆ ಬಸ್ಸು ಹಸಿರನ್ನು ವ್ಯರ್ಥಮಾಡದೆ ದಾಟುತ್ತದೆ. ಬಸ್ಸು ನಿಲ್ಲುವೆಡೆ ಸೈಕಲ್ಲಿಗೆ ಒಂದು ಓಣಿಯಷ್ಟು ಜಾಗ ಉಳಿಸಿದರೆ ಹೊರಳುವ ಪ್ರಸಂಗವೂ ತಪ್ಪುತ್ತದೆ. ಇದಕ್ಕೆ ಬೇಕಾದುದು ಕೋಟ್ಯಂತರ ಹಣವಲ್ಲ. ಒಂದು ಕಂಬ ಕಿತ್ತು ಇನ್ನೊಂದೆಡೆ ನೆಡುವಷ್ಟು ಮನಸ್ಸು.

ಇನ್ನು ಹಳದಿ ದೀಪದ ವಿಚಾರ. ವೃತ್ತದ ಅಗಲ ಮೂವತ್ತು ಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ತನ್ನ ಹನ್ನೆರಡು ಮೀಟರ್ ಮೈಯನ್ನೂ ಸೇರಿಸಿ ಸುಮಾರು ಐದು ಸೆಕೆಂಡುಗಳಲ್ಲಿ ಅದನ್ನು ದಾಟುತ್ತದೆ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ತುಳಿಯುವ ಬಾಲಕನಿಗೆ ಒಂಬತ್ತು ಸೆಕೆಂಡು ಬೇಕು. ಬೆನ್ನಿಗೆ ಪುಸ್ತಕದ ಚೀಲ, ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು. ಹಸಿರಿನ ಕಡೆಯ ಗಳಿಗೆಯಲ್ಲಿ ನ್ಯಾಯವಾಗಿಯೇ ಒಳಹೊಕ್ಕವನು ಮೂರು ಸೆಕೆಂಡಿನ ಹಳದಿ ಮುಗಿದಾಗ ನಡುವೃತ್ತವನ್ನೂ ತಲುಪಿರುವುದಿಲ್ಲ. ಅಡ್ಡರಸ್ತೆಯವರಿಗೆ ಆಗಲೇ ಹಸಿರು ಬಂದರೆ ಅವನ ಗತಿ? ಎಲ್ಲ ಕಡೆಗೂ ಕೆಂಪು ಉರಿಯುವ ನಡುಗಾಲವನ್ನು ಐದಾರು ಸೆಕೆಂಡು ಹಿಗ್ಗಿಸಿದರೆ ಈ ಬಾಲಕನು ಬದುಕಿಕೊಳ್ಳುತ್ತಾನೆ. ಅಷ್ಟು ಕಾಲ ಕಾರಿನವನು ಕಾದರೆ ಅವನ ಐಶ್ವರ್ಯವೇನೂ ಕರಗದು.

ಇಲ್ಲಿಯೇ ನಿಜವಾದ ಬಿಕ್ಕಟ್ಟೊಂದು ತಲೆಯೆತ್ತುತ್ತದೆ; ಅದನ್ನು ಮರೆಮಾಚಬಾರದು. ಬರುವ ಬಸ್ಸನ್ನು ಗುರುತಿಸಿ ಹಸಿರನ್ನು ಉದ್ದಮಾಡುವ ಅಥವಾ ಬೇಗ ತರುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಇತ್ತ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ನೋರೆಬ್ರೊಗಾಡೆ ಎಂಬ ಬೀದಿಯಲ್ಲಿ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವನಿಗೆ ಸಾಲು ಸಾಲಾಗಿ ಹಸಿರೇ ದೊರಕುವಂತೆ ದೀಪಗಳನ್ನು ಹೊಂದಿಸಿದ್ದಾರೆ. ಒಂದೇ ರಸ್ತೆಯಲ್ಲಿ ಎರಡನ್ನೂ ಮಾಡಹೊರಟರೆ, ಒಂದು ಬಸ್ಸಿಗಾಗಿ ದೀಪದ ಲಯ ಕೆಡಿಸಿದಾಗ ಹಿಂದೆ ಬರುವ ನೂರು ಸೈಕಲ್ಲುಗಳ ಸಾಲು ಮುಂದಿನ ವೃತ್ತದಲ್ಲಿ ತಡೆಗೊಳ್ಳುತ್ತದೆ. ಯಾರನ್ನು ಮುಂದೆ ಬಿಡಬೇಕು?

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಅರವತ್ತು ಜನರನ್ನು ಹೊತ್ತ ಬಸ್ಸಿಗೆ ಹಸಿರನ್ನು ಉದ್ದಮಾಡುವುದು ಸರಿ. ಅದೇ ದಿಕ್ಕಿನಲ್ಲಿ ಸಾಗುವ ಸೈಕಲ್ಲಿಗೂ ಅದರಿಂದ ಲಾಭವೇ. ಆದರೆ ಬಸ್ಸಿಗಾಗಿ ಅಡ್ಡರಸ್ತೆಯ ಹಸಿರನ್ನು ಥಟ್ಟನೆ ಕತ್ತರಿಸಬಾರದು, ನಡುಗಾಲವನ್ನಂತೂ ಎಂದಿಗೂ ಮುಟ್ಟಬಾರದು. ಬಸ್ಸಿಗೆ ಐದು ಸೆಕೆಂಡು ತಡವಾದರೆ ಆಗುವುದು ತಡ ಮಾತ್ರ. ಸೈಕಲ್ಲಿನವನಿಗೆ ಐದು ಸೆಕೆಂಡು ಕಡಮೆಯಾದರೆ ಆಗುವುದು ಬೇರೆಯೇ. ಇನ್ನೊಂದು ಮಾತು: ನಿಂತು ನಿಂತು ಹೋಗುವ ಬಸ್ಸಿನ ಸರಾಸರಿ ವೇಗಕ್ಕೂ ತುಳಿಯುತ್ತ ಹೋಗುವ ಸೈಕಲ್ಲಿನ ವೇಗಕ್ಕೂ ಊರೊಳಗೆ ಬಹಳ ಅಂತರವಿರುವುದಿಲ್ಲ. ದೀಪಗಳ ಸಾಲನ್ನು ಕಾರಿನ 40 ಕಿಲೋಮೀಟರ್ ವೇಗಕ್ಕೆ ಹೊಂದಿಸಿದರೆ ಬಸ್ಸೂ ಸೈಕಲ್ಲೂ ಪ್ರತಿ ವೃತ್ತದಲ್ಲಿಯೂ ಕೆಂಪನ್ನೇ ಕಾಣುತ್ತವೆ. ನಿಧಾನದ ವೇಗಕ್ಕೆ ಹೊಂದಿಸಿದರೆ ಇಬ್ಬರಿಗೂ ಅನುಕೂಲ. ಜಗಳವಿರುವುದು ಬಸ್ಸು ಸೈಕಲ್ಲುಗಳ ನಡುವೆ ಎಂದು ನಾವು ಭಾವಿಸಿದ್ದೇವೆ, ಮೂರನೆಯವನು ಸದ್ದಿಲ್ಲದೆ ಮುಂದೆ ಹೋಗುತ್ತಿದ್ದಾನೆ.

2024ರಲ್ಲಿ ಬೆಂಗಳೂರಿನ ಅನೇಕ ವೃತ್ತಗಳಲ್ಲಿ ವಾಹನಗಳ ಸಂದಣಿಗೆ ತಕ್ಕಂತೆ ತಾನಾಗಿಯೇ ಕಾಲವನ್ನು ಬದಲಿಸಿಕೊಳ್ಳುವ ದೀಪಗಳು ಬಂದವು. ಯಂತ್ರ ಜಾಣತನದ್ದೇ. ಆದರೆ ವಾಹನವನ್ನೆಣಿಸುವ ಯಂತ್ರಕ್ಕೆ, ಒಬ್ಬನೇ ಕುಳಿತ ಕಾರೂ ಒಂದು, ಅರವತ್ತು ಜನ ಕಿಕ್ಕಿರಿದ ಬಸ್ಸೂ ಒಂದು ಆಗಬಾರದು. ತಲೆ ಎಣಿಸುವುದನ್ನು ನಮ್ಮ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕವೇ ಬಲ್ಲದು.

ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳಿಗೆ ರಸ್ತೆಯ ನಟ್ಟನಡುವೆ ಪ್ರತ್ಯೇಕ ಪಥವುಂಟು. ಅಲ್ಲಿ ಬಸ್ಸು ನಡುವಿನದು, ಸೈಕಲ್ಲು ಅಂಚಿನದು; ನಿಲ್ದಾಣದ ಬಳಿಯ ತಿಕ್ಕಾಟ ಮೂಲದಲ್ಲಿಯೇ ತಪ್ಪಿತು. ಆದರೆ ಮಂಡ್ಯದ ಪೇಟೆಯಲ್ಲಿ ಅಷ್ಟು ಅಗಲವನ್ನು ಎಲ್ಲಿಂದ ತರೋಣ? ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೂ 2020ರಲ್ಲಿ ಸೈಕಲ್ಲಿಗೂ ಪಥಗಳನ್ನು ಗುರುತಿಸಿದರು; ಮೆಟ್ರೋ ಕಾಮಗಾರಿ ಬಂದಾಗ ಎರಡೂ ಅಳಿಸಿಹೋದವು. ಹುಟ್ಟಿನಲ್ಲಿ ಒಂದು ವರ್ಷ ಹಿಂದುಮುಂದಾದವು, ಅಳಿವಿನಲ್ಲಿ ಜೊತೆಗೂಡಿದವು.

ದಾನಿಗಳಲ್ಲಿ ಒಂದು ಅರಿಕೆ. ಮಕ್ಕಳ ಸುರಕ್ಷತೆಗಾಗಿ ಶಾಲಾವಾಹನ ಕೊಡಿಸುವ ಉದಾರ ಮನಸ್ಸು ಸ್ತುತ್ಯವೇ. ಆದರೆ ಶುಲ್ಕ ತೆರಬಲ್ಲವರ ಮಕ್ಕಳು ವಾಹನವೇರಿದ ಮೇಲೆ, ಸೈಕಲ್ಲಿನಲ್ಲಿ ಉಳಿಯುವವರು ಬಡವರ ಮಕ್ಕಳು ಮಾತ್ರ. ಅವರ ಪರವಾಗಿ ಕಚೇರಿಗಳ ಬಾಗಿಲು ತಟ್ಟಬಲ್ಲ ತಂದೆತಾಯಿಗಳು ವೃತ್ತದಿಂದ ಮಾಯವಾಗುತ್ತಾರೆ. ಕಾಯಕಕ್ಕೆ ಹೋಗುವವರಲ್ಲಿ ಮೇಲುಕೀಳಿಲ್ಲವೆಂದು ಬೋಧಿಸುವ ಸಂಸ್ಥೆಯು ರಸ್ತೆಯಲ್ಲಿ ಹುಟ್ಟುತ್ತಿರುವ ಈ ಭೇದವನ್ನು ಕಂಡೂ ಕಾಣದಂತಿರಬಾರದು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿರಬಹುದು, ಸಾರಿಗೆ ಸಂಸ್ಥೆಯ ನೌಕರರಿರಬಹುದು, ಪೊಲೀಸ್ ಇಲಾಖೆಯವರೂ ಇರಬಹುದು. ಗಣಿತದ ಅಧ್ಯಾಪಕರು ಪ್ರೌಢಶಾಲೆಯ ಹತ್ತಾರು ಮಕ್ಕಳನ್ನು ಕರೆದೊಯ್ದು, ಮಳೆಯ ದಿನವೊಂದು, ಬಿಸಿಲಿನ ದಿನವೊಂದು, ಸಂಜಯ ವೃತ್ತದ ಪಾದಚಾರಿ ಮಾರ್ಗದಲ್ಲಿ ನಿಲ್ಲಿಸಿ ಎಣಿಸಲಿ: ಎಂಟೂವರೆಯಿಂದ ಹತ್ತರವರೆಗೆ ಎಷ್ಟು ಬಸ್ಸು, ಅದರೊಳಗೆ ಅಂದಾಜು ಎಷ್ಟು ಜನ, ಎಷ್ಟು ಸೈಕಲ್ಲು, ಹಸಿರು ಮುಗಿದಾಗ ನಡುವೃತ್ತದಲ್ಲಿ ಸಿಕ್ಕಿಕೊಂಡವರು ಎಷ್ಟು. ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ನಿಲ್ದಾಣ ಸರಿಸುವ ಮತ್ತು ನಡುಗಾಲ ಹಿಗ್ಗಿಸುವ ಎರಡೇ ಬೇಡಿಕೆ ಇಟ್ಟು, ಒಂದು ಪ್ರತಿಯನ್ನು ನಗರಾಡಳಿತಕ್ಕೂ ಇನ್ನೊಂದನ್ನು ಜಿಲ್ಲಾ ಪೊಲೀಸ್ ವರಿಷ್ಠರಿಗೂ ಒಪ್ಪಿಸಬೇಕು. ಶಾಲೆಯ ಮೊಹರಿನೊಂದಿಗೆ ಹೋದ ಅಂಥ ಹಾಳೆಗೆ ಉತ್ತರ ಬರುವವರೆಗೆ ಪ್ರತಿ ತಿಂಗಳೂ ಒಂದು ನೆನಪೋಲೆ ಬರೆಯುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ.