ದ್ವೀಪದವರನ್ನು ಕೇಳಿದವರು ಯಾರು?

ಪರಂಗಿಯವರ ಹೆಸರು ನಮ್ಮ ಕರಾವಳಿಗೆ ಹೊಸತಲ್ಲ. 1542ರಲ್ಲಿ ಅವರು ಭಟ್ಕಳಕ್ಕೆ ಬೆಂಕಿಯಿಟ್ಟರು. 1569ರಲ್ಲಿ ಹೊನ್ನಾವರವನ್ನು ಹಿಡಿದರು. ಕುಮಟಾ ಬಳಿಯ ಮಿರ್ಜಾನಿನಿಂದ ಮೆಣಸು ಹೊತ್ತು ಹೊರಟ ಹಡಗೂ ಅವರ ಪರವಾನಗಿ ಚೀಟಿಯಿಲ್ಲದೆ ಕಡಲಿಗಿಳಿದರೆ ಅಪಾಯ ತಪ್ಪಿದ್ದಲ್ಲ. ಹದಿನೇಳನೇ ಶತಮಾನದಲ್ಲಿ ಅವರು ಇಲ್ಲಿಂದ ಕಾಲ್ಕಿತ್ತರೂ ಗೋವೆಯಲ್ಲಿ 1961ರ ವರೆಗೆ ಉಳಿದರು. ಕಾರವಾರದ ಮಗ್ಗುಲಲ್ಲೇ ಇರುವ ಅಂಜದೀವ್ ಎಂಬ ಪುಟ್ಟ ದ್ವೀಪವೂ ಗೋವೆಯ ಜೊತೆಗೆ ಅವರ ಕೈಯಲ್ಲಿತ್ತು.

ಎರಡನೇ ಮಹಾಯುದ್ಧದ ಬಳಿಕ ‘ವಸಾಹತು’ ಎಂಬ ಪದದ ಮರ್ಯಾದೆ ಹೋಯಿತು. 1951ರಲ್ಲಿ ಸಲಜಾರನ ಸರಕಾರ ಸಂವಿಧಾನವನ್ನೇ ತಿದ್ದಿ, ತನ್ನ ವಸಾಹತುಗಳನ್ನು ‘ಸಾಗರೋತ್ತರ ಪ್ರಾಂತ’ಗಳೆಂದು ಕರೆಯಿತು. ಪ್ರಾಂತವಾದ ಮೇಲೆ ಬಿಟ್ಟುಕೊಡುವ ಮಾತೇ ಇಲ್ಲವಲ್ಲ! ಎಂಥ ಸುಲಭದ ಉಪಾಯ ನೋಡಿ. 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಈ ವಾದವನ್ನು ತಳ್ಳಿಹಾಕಿ, ಗೋವೆಯೂ ಸೇರಿದಂತೆ ಇವೆಲ್ಲ ಸ್ವಯಮಾಡಳಿತವಿಲ್ಲದ ನಾಡುಗಳೆಂದು ಸಾರಿತು. ಪೋರ್ಚುಗಲ್ ಕಿವಿಗೊಡಲಿಲ್ಲ. 1961ರ ನವೆಂಬರಿನಲ್ಲಿ ಅಂಜದೀವಿನಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳು ಒಬ್ಬ ಮೀನುಗಾರನೂ ಬಲಿಯಾದ. ಡಿಸೆಂಬರಿನಲ್ಲಿ ನಮ್ಮ ಸೇನೆ ಗೋವೆಯನ್ನು ಬಿಡಿಸಿತು. ಅಂಜದೀವಿನಲ್ಲಿ ನೌಕಾಪಡೆಯ ಏಳು ಮಂದಿ ಮಡಿದರು.

ನಿಜವಾಗಿ ನೆನಪಿಡಬೇಕಾದದ್ದು ಆ ಬಳಿಕದ ಸಂಗತಿ. ಗೋವೆಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಒತ್ತಾಯ ಬಂದಾಗ ದಿಲ್ಲಿ ತಾನೇ ತೀರ್ಪು ಕೊಡಲಿಲ್ಲ. 1967ರ ಜನವರಿ 16ರಂದು ಅಲ್ಲಿಯ ಜನರನ್ನೇ ಕೇಳಿತು. ಬೇರೆಯಾಗಿಯೇ ಇರುತ್ತೇವೆ ಎಂದವರು 34,021 ಮತಗಳಿಂದ ಗೆದ್ದರು. 1987ರಲ್ಲಿ ಗೋವೆ ರಾಜ್ಯವಾಯಿತು. ಚಿಕ್ಕ ನಾಡಿಗೂ ಬಾಯಿದೆ ಎಂದು ದೊಡ್ಡ ದೇಶವೊಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಇದೇ ಹೊತ್ತಿಗೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಏನಾಯಿತು? 1965ರಲ್ಲಿ ಬ್ರಿಟನ್ ಅವುಗಳನ್ನು ಮಾರಿಷಸ್‌ನಿಂದ ಕತ್ತರಿಸಿ ತೆಗೆಯಿತು. ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಜಾಗ ಬೇಕಿತ್ತು. ತಲೆಮಾರುಗಳಿಂದ ಅಲ್ಲೇ ತೆಂಗಿನ ತೋಟಗಳಲ್ಲಿ ದುಡಿದು ಬಾಳಿದ್ದ ಜನರನ್ನು 1973ರೊಳಗೆ ಹಡಗಿಗೆ ತುಂಬಿ ಮಾರಿಷಸ್, ಸೀಶೆಲ್ಸ್‌ಗಳಿಗೆ ಸಾಗಿಸಲಾಯಿತು. ಅವರು ಸಾಕಿದ ನಾಯಿಗಳನ್ನೂ ಕೊಂದರು. ಬ್ರಿಟನ್ ಆ ದ್ವೀಪಗಳನ್ನು ಬಿಟ್ಟುಕೊಡಬೇಕೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯ ನೀಡಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಸೇನಾನೆಲೆಗೆ 99 ವರ್ಷಗಳ ಗೇಣಿ! ಆ ಮಾತುಕತೆಯ ಮೇಜಿನ ಬಳಿ ದ್ವೀಪದವರಿಗೆ ಕುರ್ಚಿಯಿರಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕುಮಟಾದ ಪಕ್ಕದ ಅಂಕೋಲಾದಲ್ಲಿ, ಕಾರವಾರದಲ್ಲಿ ‘ಸೀಬರ್ಡ್’ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆ ಬಿಟ್ಟೆದ್ದವು. 1986ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ ಪರಿಹಾರಕ್ಕಾಗಿ ಜನರು ವರ್ಷಗಟ್ಟಲೆ ಕೋರ್ಟು ಅಲೆದರು. ಚಾಗೋಸಿನವರಿಗೆ ಇಲ್ಲದ ಓಟು ಇವರಿಗಿತ್ತು, ನಿಜ. ಆದರೂ ಎದ್ದು ಹೋಗುವ ಮುನ್ನ ಇವರ ಮತ ಕೇಳಲು ಯಾರೂ ಪೆಟ್ಟಿಗೆ ಇಡಲಿಲ್ಲ. ಅಂಜದೀವ್ ಈಗ ಅದೇ ನೆಲೆಯ ಭಾಗ. ಅಲ್ಲಿಯ ಇಗರ್ಜಿಯ ಹಬ್ಬಕ್ಕೆ ವರ್ಷವೂ ದೋಣಿ ಹತ್ತಿ ಹೋಗುತ್ತಿದ್ದ ಕ್ರೈಸ್ತ ಬಾಂಧವರು ಈಗ ಮುಂಚಿನಂತೆ ಹೋಗುವಂತಿಲ್ಲ.