ಪ್ರಜೆಯೂ ನಾಗರಿಕನೂ

ಉತ್ತರಪತ್ರಿಕೆಯೊಂದರಲ್ಲಿ ವಿದ್ಯಾರ್ಥಿಯೊಬ್ಬನು ‘ನಿಜಾಮರ ಕಾಲದ ರಾಯಚೂರಿನ ನಾಗರಿಕರು’ ಎಂದು ಬರೆದಿದ್ದನು. ನಾನು ‘ನಾಗರಿಕರು’ ಎಂಬುದನ್ನು ಹೊಡೆದು ‘ಪ್ರಜೆಗಳು’ ಎಂದು ತಿದ್ದಿದೆನು. “ಎರಡೂ ಒಂದೇ ಅಲ್ಲವೇನ್ರಿ ಸರ್?” ಎಂದು ಅವನು ಕೇಳಿದನು. ಅಲ್ಲವೆಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ.

ಗಿಲ್ಲೆಸುಗೂರಿನ ಕಡೆಯಿಂದ ಮಂತ್ರಾಲಯಕ್ಕೆ ಹೋಗುವವರು ತುಂಗಭದ್ರೆಯನ್ನು ದಾಟಬೇಕು. 1800ರಲ್ಲಿ ನಿಜಾಮರು ಆಚೆಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟರು. ಈಚೆಯದು ಅವರಲ್ಲಿಯೇ ಉಳಿಯಿತು. 1853ರಲ್ಲಿ ಸೈನ್ಯದ ವೆಚ್ಚದ ಬಾಕಿಗಾಗಿ ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ದೋಆಬವೂ ಕುಂಪಣಿಯ ಆಡಳಿತಕ್ಕೆ ಹೋಗಿ, 1860ರಲ್ಲಿ ನಿಜಾಮರಿಗೆ ಮರಳಿತು. ಹೋಗುವಾಗಲಾಗಲಿ ಬರುವಾಗಲಾಗಲಿ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ.

1914ರ ಬ್ರಿಟಿಷ್ ರಾಷ್ಟ್ರೀಯತೆಯ ಕಾಯಿದೆಯಂತೆ ಚಕ್ರವರ್ತಿಯ ನೆಲದಲ್ಲಿ ಹುಟ್ಟಿದವನು ‘ಬ್ರಿಟಿಷ್ ಪ್ರಜೆ’. ಸಂಸ್ಥಾನಗಳ ನೆಲ ಚಕ್ರವರ್ತಿಯದಲ್ಲ. ಆದುದರಿಂದ ಅಲ್ಲಿಯವನು ‘ಬ್ರಿಟಿಷ್ ರಕ್ಷಿತ ವ್ಯಕ್ತಿ’. ಈಚೆಯ ದಡದ ಸೊಸೆಯೊಬ್ಬಳು ಚೊಚ್ಚಲ ಹೆರಿಗೆಗೆಂದು ಆಚೆಯ ತವರಿಗೆ ಹೋದಳೆನ್ನಿ. ಅಲ್ಲಿ ಹುಟ್ಟಿದ ಮಗು ಬ್ರಿಟಿಷ್ ಪ್ರಜೆ. ಗಂಡನ ಮನೆಯಲ್ಲಿ ಹುಟ್ಟಿದ ಎರಡನೆಯದು ರಕ್ಷಿತ ವ್ಯಕ್ತಿ. ತಾಯಿ ಒಬ್ಬಳೇ, ತೊಟ್ಟಿಲು ಒಂದೇ, ಜೋಗುಳವೂ ಒಂದೇ. ಕಾನೂನಿಗೆ ಕಂಡುದು ಮಗುವಲ್ಲ, ಮಗು ಬಿದ್ದ ನೆಲದ ಒಡೆಯ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಸಂವಿಧಾನವು ಪೂರ್ಣವಾಗಿ ಜಾರಿಗೆ ಬಂದುದು 1950ರ ಜನವರಿ 26ರಂದಾದರೂ, ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಅಂದಿನಿಂದ ಆ ಇಬ್ಬರು ಮಕ್ಕಳಿಗೂ ಒಂದೇ ಹೆಸರು: ಭಾರತದ ನಾಗರಿಕ. ನಗರವನ್ನೇ ಕಾಣದ ಒಕ್ಕಲಿಗನೂ ನಾಗರಿಕನಾದನು. ಪ್ರಜೆಗೆ ಒಡೆಯನೊಬ್ಬನು ಬೇಕು, ನಾಗರಿಕನಿಗೆ ಬೇಕಾಗಿಲ್ಲ.

‘ಪ್ರಜಾಪ್ರಭುತ್ವ’ ಎಂಬ ಮಾತಿನಲ್ಲಿ ಪ್ರಜೆಯೇ ಪ್ರಭುವಾಗಿರುವನಲ್ಲಾ ಎಂದು ಆಕ್ಷೇಪಿಸಬಹುದು. ನಿಜ, ಆ ಪದವನ್ನು ಕೈಬಿಡೆಂದು ನಾನು ಹೇಳುವುದಿಲ್ಲ. ಆದರೆ ಅದರ ಹಳೆಯ ಅಭ್ಯಾಸ ನಮ್ಮ ಬರವಣಿಗೆಯಲ್ಲಿ ಇನ್ನೂ ಉಳಿದಿದೆ. 371ಜೆ ವಿಧಿಯ ಪ್ರಮಾಣಪತ್ರಕ್ಕಾಗಿ ಅದೇ ವಿದ್ಯಾರ್ಥಿ ಬರೆದ ಅರ್ಜಿಯನ್ನು ಮೊನ್ನೆ ನೋಡಿದೆನು. ‘ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ’ ಎಂದಿತ್ತು. ಸಂವಿಧಾನವೇ ಕೊಟ್ಟುದನ್ನು ಬೇಡುವುದೇಕೆ? ‘ಕೊಡಬೇಕು’ ಎಂದು ಬರೆಯಪ್ಪಾ ಎಂದೆನು. ಅವನು ಅಳುಕುತ್ತಲೇ ತಿದ್ದಿದನು.