ಬೆಚ್ಚಿಬೀಳುವವನ ಅಹವಾಲು

ಇನ್ನೇನು ನಿದ್ದೆ ಹತ್ತಬೇಕು, ಅಷ್ಟರಲ್ಲಿ ಮೆಟ್ಟಿಲು ತಪ್ಪಿದಂತಾಗಿ ಮೈ ಝಲ್ಲೆನ್ನುತ್ತದೆ, ಕಾಲು ತಾನಾಗಿ ಝಾಡಿಸುತ್ತದೆ. ಎದೆ ಡಬಡಬ. ಇದು ಆಗದವರು ನಮ್ಮ ಬಳಗದಲ್ಲಿ ಯಾರಿದ್ದೀರಿ, ಕೈ ಎತ್ತಿ ನೋಡೋಣ! ಹತ್ತರಲ್ಲಿ ಆರೇಳು ಮಂದಿಗೆ ಒಮ್ಮೆಯಾದರೂ ಆಗುತ್ತದೆಂದು ವೈದ್ಯರು ಹೇಳುತ್ತಾರೆ. ‘ಬೆಚ್ಚಿಬೀಳುವುದು’ ಎಂಬ ನಮ್ಮ ಮಾತಿನಲ್ಲಿ ಆ ಬೀಳುವ ಭಾಸವೂ ಸೇರಿಕೊಂಡಿದೆ.

ಕಳೆದ ವರ್ಷ ಪರೀಕ್ಷೆಯ ದಿನಗಳಲ್ಲಿ, ಇಲ್ಲಿ ಪುಣೆಯ ಹಾಸ್ಟೆಲಿನಲ್ಲಿ, ನನಗೆ ಅದು ದಿನಾ ರಾತ್ರಿ ಆಗತೊಡಗಿತು. ಕೋಣೆಯ ಗೆಳೆಯ ದೀಪ ಹಾಕಿ ಕೇಳಿದ: “ಏನಪಾ, ನಿನಗ ಫಿಟ್ಸ್ ಬರ್ತಾವೇನು?” ಮರುದಿನದಿಂದ ನನ್ನ ದಿಂಬಿನಡಿ ಒಂದು ಕಬ್ಬಿಣದ ಕೀಲಿಕೈ. ಅವನದು ಪ್ರೀತಿಯೇ, ಬೈಯಲಾರೆ. ಆದರೆ ಆ ಒಂದು ಮಾತು ನನ್ನನ್ನು ಎರಡು ತಿಂಗಳು ತಿಂದಿತು. ಮನೆಗೆ ಹೇಳಲಿಲ್ಲ. ಅಕ್ಕನಿಗೆ ಗಂಡು ನೋಡುತ್ತಿದ್ದರು. ‘ತಮ್ಮಗ ಫಿಟ್ಸ್ ಬರ್ತಾವಂತ’ ಎಂಬ ಸುದ್ದಿ ಊರು ಮುಟ್ಟಿದರೆ ಮುಗಿಯಿತು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. “ನಿದ್ದೆ ಹತ್ತುವಾಗಲೋ, ಎದ್ದ ಮೇಲೋ?” ಎಂದರು. ಹತ್ತುವಾಗ ಎಂದೆ. “ಚಹಾ ಎಷ್ಟು?” ದಿನಕ್ಕೆ ಏಳು. “ನಿದ್ದೆ?” ನಾಲ್ಕು ತಾಸು. ನಕ್ಕುಬಿಟ್ಟರು. ಎಚ್ಚರವು ನಿದ್ದೆಗೆ ದಾರಿ ಬಿಡುವಾಗ ಸ್ನಾಯುಗಳು ಒಮ್ಮೆಲೇ ಸೆಟೆಯುತ್ತವೆ, ನಿದ್ದೆಗೇಡು, ಚಹಾ-ಕಾಫಿ, ಚಿಂತೆ ಅದನ್ನು ಹೆಚ್ಚಿಸುತ್ತವೆ, ರೋಗವಲ್ಲ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೇ ಕೈ ಅದುರಿ ಚಹಾದ ಕಪ್ಪು ಬೀಳುತ್ತಿದ್ದರೆ ಮಾತು ಬೇರೆ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಅಪಸ್ಮಾರ ಹಾಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಔಷಧವಿದೆ, ತಡಮಾಡದೆ ತೋರಿಸಬೇಕು.

ಔಷಧದ ಚೀಟಿ ಇಲ್ಲದೆ ಹೊರಗೆ ಬಂದೆ. ಮನಸ್ಸು ಹಗುರವಾಯಿತು. ಆಮೇಲೆ ನಾಚಿಕೆಯಾಯಿತು. ನನಗಿಲ್ಲವೆಂದು ಹಿಗ್ಗಿದೆನಲ್ಲ, ಇದ್ದವನು ಏನು ಮಾಡಬೇಕು? ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇಪದೇ ಬರುವ ಅಪಸ್ಮಾರವೂ ಮದುವೆಗೆ ಅಡ್ಡಿಯಾಗಿತ್ತು. 1999ರ ತಿದ್ದುಪಡಿ ಆ ಪದವನ್ನು ಕಿತ್ತುಹಾಕಿತು. ಕಾಯ್ದೆಯಿಂದ ಹೋದದ್ದು ನಮ್ಮ ಪಡಸಾಲೆಯ ಮಾತಿನಿಂದ ಇನ್ನೂ ಹೋಗಿಲ್ಲ. ಹೋಗಿದ್ದರೆ ನಾನು ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ.

ಗೆಳೆಯರೇ, ರಾತ್ರಿಯೆಲ್ಲ ಎದ್ದು ಓದಿದ್ದನ್ನು ಶೌರ್ಯವೆಂದು ಕೊಚ್ಚಿಕೊಳ್ಳುವುದನ್ನು ಬಿಡೋಣ. ಪಕ್ಕದ ಕಾಟಿನವನು ಬೆಚ್ಚಿಬಿದ್ದರೆ ರೋಗದ ಹೆಸರಿಡುವ ಮೊದಲು, ‘ಸರಿಯಾಗಿ ಮಲಗಿ ಎಷ್ಟು ದಿನ ಆತು?’ ಎಂದು ಕೇಳೋಣ. ನಿಜವಾಗಿಯೇ ಮೂರ್ಛೆ ಬಂದರೆ ಕಬ್ಬಿಣ, ಉಳ್ಳಾಗಡ್ಡಿ, ಚಪ್ಪಲಿ ಹುಡುಕುವುದು ಬೇಡ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ ಜೊತೆಗಿರೋಣ. 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯೋಣ. ಮರುದಿನ ಮೆಸ್ಸಿನಲ್ಲಿ ಅವನ ಪಕ್ಕದಲ್ಲೇ ಊಟಕ್ಕೆ ಕೂರೋಣ.

ಕೀಲಿಕೈಯನ್ನು ಗೆಳೆಯನಿಗೆ ಹಿಂದಿರುಗಿಸಿದ್ದೇನೆ. ಅದು ಅವನ ಟ್ರಂಕಿನದೇ ಆಗಿತ್ತು. ಪಾಪ, ಎರಡು ತಿಂಗಳು ಟ್ರಂಕಿಗೆ ಕೀಲಿ ಹಾಕದೆಯೇ ಇದ್ದ.